ಟನ್ನಿಗೆ ಅರ್ಧ ಗ್ರಾಂ ಬಂಗಾರ

ನನಗೊಂದು ಕೆಟ್ಟ ಚಟವಿದೆ. ಒಳ್ಳೆಯ ಶೇರು ಕಣ್ಣಿಗೆ ಬಿದ್ದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ನಾಲ್ಕು ಜನಕ್ಕೆ ಹೇಳಲೇಬೇಕು. ಆ ಬುಧವಾರ ಮಧ್ಯಾಹ್ನ ಸದಾಶಿವ ಪೇಠದ ರೇಣಕ್ಕನ ಖಾನಾವಳಿಗೆ ಓಡುತ್ತಲೇ ಬಂದೆ. ಮೊಬೈಲಿನಲ್ಲಿ ಬಂಗಾರದ ಗಣಿ ಕಂಪನಿಯೊಂದರ ವರದಿಯಿತ್ತು. ನೆಲದೊಳಗಿನ ಅದಿರಿನ ಲೆಕ್ಕ ಇಪ್ಪತ್ತು ಲಕ್ಷ ಟನ್ನಿನಿಂದ ಅರವತ್ತು ಲಕ್ಷ ಟನ್ನಿಗೆ ಏರಿದೆಯಂತೆ.

"ಮೂರು ಪಟ್ಟು ಆಗೇದ ರೇಣಕ್ಕ. ಶೇರು ಇನ್ನೂ ಎದ್ದಿಲ್ಲ. ನಿಮ್ಮ ಭಿಶಿ ರೊಕ್ಕ ಇವತ್ತ ಹಾಕ್ರಿ, ದೀಪಾವಳಿಗೆ ಡಬಲ್."

ಹನ್ನೆರಡು ಹೆಂಗಸರು ತಿಂಗಳು ತಿಂಗಳು ರೊಕ್ಕ ಹಾಕಿ ಸರದಿಯಂತೆ ಒಬ್ಬರು ಎತ್ತುವ ಭಿಶಿಯಲ್ಲಿ ಆ ವಾರ ರೇಣಕ್ಕನ ಪಾಳಿ ಬಂದಿತ್ತು. ಎರಡು ಲಕ್ಷ ನಲವತ್ತು ಸಾವಿರ. ಪಕ್ಕದ ಮಳಿಗೆಯ ಡಿಪಾಸಿಟ್ಟಿಗೆಂದೇ ವರ್ಷವಿಡೀ ಕಾದಿದ್ದಳು. ಶನಿವಾರದೊಳಗೆ ಕೊಡದಿದ್ದರೆ ಮಾಲೀಕ ಅದನ್ನು ಜೆರಾಕ್ಸ್ ಅಂಗಡಿಗೆ ಕೊಡುವವನಿದ್ದ. ಆದರೂ ಡಬಲ್ ಎಂದ ಕೂಡಲೇ ಆಕೆಯ ಮುಖ ಅರಳಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲು ತೆಗೆದಳು.

"ಸಾಹೇಬ್ರ, ಹೊಸದಾಗಿ ಬೋರ್ ಎಷ್ಟು ಹೊಡದಾರ್ರಿ?"

ನನ್ನ ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದ ಹಣಮಂತ್ರಾಯರು ಕೇಳಿದರು. ಎದುರಿನ ಕೋಚಿಂಗ್ ಕ್ಲಾಸಿನ ವಾಚ್‌ಮನ್. ಶೇಂಗಾ ಹಿಂಡಿ ಎರಡು ಸಲ ಹಾಕಿಸಿಕೊಳ್ಳುತ್ತಾರೆ ಎಂಬುದು ಬಿಟ್ಟರೆ ಅವರ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

"ಬೋರ್ ಹೊಡಿಯೋದು ನೀರಿಗ್ರಿ ಕಾಕಾ. ಇದು ಬಂಗಾರ."

"ನೆಲದಾಗ ಬಂಗಾರ ಎಷ್ಟದ ಅಂತ ನೋಡಾಕೂ ಹೊಡೀತಾರ್ರಿ. ಕಟ್-ಆಫ್ ಮದ್ಲ ಎಷ್ಟಿತ್ತು, ಈಗ ಎಷ್ಟದ, ಸ್ವಲ್ಪ ನೋಡ್ರಿ."

ಸಿಟ್ಟು ಬಂತು. ಆದರೂ ನೋಡಿದೆ. ನಾಲ್ಕನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿತ್ತು. ಮೊದಲು ಟನ್ನು ಕಲ್ಲಿನಲ್ಲಿ ಒಂದು ಗ್ರಾಂ ಬಂಗಾರವಿದ್ದರೆ ಮಾತ್ರ ಅದಿರು ಎಂದು ಎಣಿಸುತ್ತಿದ್ದರು, ಈಗ ಅರ್ಧ ಗ್ರಾಂ ಇದ್ದರೂ ಸಾಕು. ಹೊಸ ಬೋರ್ ಒಂದೂ ಇಲ್ಲ.

ಹಣಮಂತ್ರಾಯರು ತಾಟು ಸರಿಸಿದರು. "ನಮ್ಮ ಕ್ಲಾಸಿನ ಮೆರಿಟ್ ಬ್ಯಾಚಿಗೆ ಹೋದ ವರ್ಷ ತೊಂಬತ್ತು ಪರ್ಸೆಂಟ್ ಬೇಕಿತ್ತು, ನೂರು ಹುಡುಗರಿದ್ರು. ಈ ಸಲ ಎಪ್ಪತ್ತಕ್ಕ ಇಳಿಸಿದ್ರು, ಮುನ್ನೂರಾತು. ಮೆರಿಟ್ ಹುಡುಗರು ಮೂರು ಪಟ್ಟು ಅಂತ ಬೋರ್ಡ್ ಬರೆಸ್ಯಾರ. ದಿನಾ ಗೇಟಿನ್ಯಾಗ ನಿಂತು ನೋಡ್ತೀನಿ, ಅದೇ ಓಣಿ, ಅವೇ ಹುಡುಗರು. ಯಾರೂ ಶಾಣ್ಯಾ ಆಗಿಲ್ಲ."

ರೇಣಕ್ಕ ಬಿದ್ದು ಬಿದ್ದು ನಕ್ಕಳು. ನಾನು ಬಿಡುವ ಪೈಕಿ ಅಲ್ಲ. "ಬಂಗಾರದ ರೇಟ್ ಏರೇದ ಕಾಕಾ. ಕಮ್ಮಿ ಬಂಗಾರದ ಅದಿರಿಗೂ ಈಗ ಲಾಭ ಅದ."

"ಖರೇ. ರೇಟ್ ಏರಿದ್ರ ಕಟ್-ಆಫ್ ಇಳಿಸೋದು ತಪ್ಪಲ್ಲ. ಖರ್ಚು ಗಿಟ್ಟಾಕ ಟನ್ನಿಗೆ ಎಷ್ಟು ಬೇಕಂತ ಬರದಾರ?"

ಹನ್ನೊಂದನೇ ಪುಟದಲ್ಲಿ ಸಿಕ್ಕಿತು. ಈಗಿನ ರೇಟಿನಲ್ಲೂ ಸೊನ್ನೆ ಪಾಯಿಂಟ್ ಒಂಬತ್ತು ಗ್ರಾಂ. ಹೊಸದಾಗಿ ಸೇರಿಸಿದ ನಲವತ್ತು ಲಕ್ಷ ಟನ್ನಿನಲ್ಲಿ ಸರಾಸರಿ ಇದ್ದದ್ದು ಸೊನ್ನೆ ಪಾಯಿಂಟ್ ಏಳು. ಅದನ್ನು ಅರೆದಷ್ಟೂ ಲುಕ್ಸಾನು.

"ಇದೆಲ್ಲ ನಿಮಗ ಹೆಂಗ ಗೊತ್ತು ಕಾಕಾ?" ರೇಣಕ್ಕನ ಕಣ್ಣು ಅಗಲವಾದವು.

ರಾಯಚೂರು ಕಡೆಯ ಬಂಗಾರದ ಗಣಿಯಲ್ಲಿ ಅವರು ಮೂವತ್ತೊಂದು ವರ್ಷ ದುಡಿದಿದ್ದರಂತೆ. ಬೋರಿನಿಂದ ಬಂದ ಕಲ್ಲನ್ನು ಪುಡಿ ಮಾಡಿ, ಚೀಲಕ್ಕೆ ತುಂಬಿ, ನಂಬರು ಬರೆಯುವ ಕೆಲಸ. ಕೈಯಲ್ಲಿ ಹಿಡಿದರೆ ಸಾಕು, ಯಾವ ಕಲ್ಲು ಹುಸಿ ಎಂದು ಅಂದಾಜು ಸಿಗುತ್ತಿತ್ತಂತೆ. ಹೇಳುತ್ತ ಹೇಳುತ್ತ ಅವರ ದನಿ ಏರಿತು, ಕೈ ಗಾಳಿಯಲ್ಲಿ ಬೋರ್ ಹೊಡೆಯಿತು, ರೊಟ್ಟಿ ತಾಟಿನಲ್ಲೇ ಉಳಿಯಿತು. ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಿಟ್ಟು ಮರೆತು ಬಾಯಿ ಬಿಟ್ಟು ಕೂತೆ.

ರೇಣಕ್ಕ ಅಲ್ಲೇ ನಿಂತು ಮಾಲೀಕನಿಗೆ ಡಿಪಾಸಿಟ್ ಕಳಿಸಿಬಿಟ್ಟಳು. ನಡುವಿನ ಗೋಡೆ ಯಾವಾಗ ಒಡೆಯೋಣ ಎಂದು ಆಗಲೇ ಶುರು ಮಾಡಿದ್ದಳು.

ನಾನು ಮಾತ್ರ ಆ ಮುಂಜಾನೆ, ಬಾಜಾರು ತೆರೆದ ಒಂಬತ್ತೂಕಾಲಿಗೇ, ಅದೇ ಶೇರಿಗೆ ಒಂದೂವರೆ ಲಕ್ಷ ಹಾಕಿ ಬಂದಿದ್ದೆ.

"ಕಾಕಾ, ಇಷ್ಟು ತಿಳದವರು ಮದ್ಲ ನನಗೊಂದು ಮಾತು ಹೇಳಬಾರದೇನ್ರಿ?"

ಹಣಮಂತ್ರಾಯರು ತಾಟು ಹತ್ತಿರ ಎಳೆದುಕೊಂಡರು. "ಆರು ವರ್ಷಾತು ಸಾಹೇಬ್ರ, ಬಾಜೂಕ ಕೂತು ಉಣ್ಣಾಕತ್ತಿ. ನಾ ಮದ್ಲ ಏನು ಮಾಡ್ತಿದ್ದೆ ಅಂತ ನೀವು ಒಂದು ದಿನಾನೂ ಕೇಳಲಿಲ್ಲಲ್ರಿ."