ಅಮ್ಮ ಕೂತು ಉಂಡ ಟೇಬಲ್ಲು

ಬಿಸಿ ಸಾಂಬಾರಿನ ಪಾತ್ರೆಯನ್ನು ಕೆಳಗೆ ಬಟ್ಟೆ ಹಾಕದೆ ಇಟ್ಟೆ. ಪಾಲಿಶ್ ವಾಸನೆ ಗಪ್ಪೆಂದು ಎದ್ದಿತು. ಟೇಬಲ್ಲಿನ ಮೇಲೆ ಬಿಳಿಯ ಉಂಗುರವೊಂದು ಮೂಡಿದೆ. ಅಮ್ಮ ಬರುವ ಮೊದಲು ಅದರ ಮೇಲೆ ಪೇಪರು ಹಾಸಿ ನಿಮ್ಮೊಡನೆ ಮಾತಿಗೆ ಕೂತಿದ್ದೇನೆ.

ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ಅಪ್ಪನದೊಂದು ಉಡುಪಿ ಹೋಟೆಲು. ಪಾಡಾದ, ಅಂದರೆ ನಮ್ಮ ಬಂಗಾಳಿ ಕೇರಿಯ, ಅರ್ಧ ಜನಕ್ಕೆ ಟೇಬಲ್ಲು ಹಾಕಿ ದೋಸೆ ಬಡಿಸುವ ನಮ್ಮ ಮನೆಯಲ್ಲಿ ಮಾತ್ರ ಒಂದು ಟೇಬಲ್ಲಿರಲಿಲ್ಲ. ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಮಂಡಿನೋವಿನ ಅಮ್ಮ ಅಡುಗೆಕಟ್ಟೆಗೆ ಒರಗಿ, ನಿಂತೇ. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ, ಅರ್ಥಶಾಸ್ತ್ರದ ವಿದ್ಯಾರ್ಥಿನಿ ಬೇರೆ. ಎರಡೂ ಒಂದೇ ಮೈಯಲ್ಲಿ ಸೇರಿದರೆ ಮನೆಯವರ ಗತಿ ಏನು, ನೀವೇ ಊಹಿಸಿ. ಅಮ್ಮನನ್ನು ಕೂರಿಸಿಯೇ ತೀರುತ್ತೇನೆಂದು ವಾದಕ್ಕಿಳಿದೆ.

ದುರ್ಗಾಪೂಜೆಯ ದಿನಗಳಲ್ಲಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದಾಯ ಏರಿದರೆ ಮನೆಯ ಖರ್ಚೂ ಏರಬೇಕು ಎಂಬುದು ನಮ್ಮ ಪಾಠದ ಮೊದಲ ಪುಟ. ಅದನ್ನೇ ಮಂಡಿಸಿದೆ.

“ಪೂಜೆ ಮುಗ್ದ ಮೇಲೆ?” ಎಂದಳು ಅಮ್ಮ.

ನೆರೆಯವರನ್ನು ನೋಡಿ ಆಸೆ ಹುಟ್ಟುತ್ತದೆ ಎಂಬುದೂ ಪಾಠದಲ್ಲಿತ್ತು. ಎದುರುಮನೆಯ ಬಂಗಾಳಿ ಹೆಂಗಸನ್ನು ನಾವು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. “ಎದುರುಮನೆ ಮಾಶಿಮಾ ಹತ್ರ ಆರು ಕುರ್ಚಿಯ ಟೇಬಲ್ ಉಂಟಲ್ಲ?”

“ಅವರಿಗೆ ಪೆನ್ಷನ್ನೂ ಉಂಟು ಮಾರಾಯ್ತಿ. ನಮಗೆ, ಪೂಜೆ ಮುಗ್ದ ಮೇಲೆ?”

ಬಡ್ಡಿ ಕಡಿಮೆ, ಕಂತಿನಲ್ಲಿ ತರೋಣ ಎಂದೆ. “ಕಂತು ನೆನಪಾದ್ರೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ” ಎಂದರು ಅಪ್ಪ. ನಾನು ಗೆದ್ದು ತಂದ ಕಪ್ಪುಗಳು ಷೋಕೇಸಿನೊಳಗಿಂದ ನನ್ನನ್ನೇ ನೋಡಿ ನಗುವಂತಿದ್ದವು.

ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಒಂದು ಗೊತ್ತು: ಎದುರಾಳಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಇಡೀ ವಾದ ನಿಂತಿರುವುದು ಅದರ ಮೇಲೆಯೇ. ಗಲ್ಲಾ ಇವತ್ತು ತುಂಬಿದ್ದು ಅಮ್ಮನಿಗೆ ಲೆಕ್ಕಕ್ಕಿರಲಿಲ್ಲ. ನಾಳೆಯೂ ತುಂಬುತ್ತದೆ ಎಂಬ ನಂಬಿಕೆಯಿದ್ದರೆ ಮಾತ್ರ ಅವಳ ಕೈ ಬಿಚ್ಚುತ್ತಿತ್ತು. ಸರಿ, ಟೇಬಲ್ಲಿನ ಮಾತು ಬಿಟ್ಟೆ. ಅಪ್ಪನ ಬೆನ್ನು ಹಿಡಿದೆ.

ಗಾರ್ಡನ್ ರೀಚಿನ ಕಚೇರಿಯೊಂದರ ಕ್ಯಾಂಟೀನಿಗೆ ವರ್ಷವಿಡೀ ಮಧ್ಯಾಹ್ನದ ಊಟ ಒದಗಿಸುವವರನ್ನು ಹುಡುಕುತ್ತಿದ್ದರು. “ಮೀನಿಲ್ಲದ ಊಟ ಬಂಗಾಳಿಗಳಿಗೆ ಊಟವೇ ಅಲ್ಲ” ಎಂದು ಅಪ್ಪ ಹಿಂಜರಿದರು.

“ಮನೆಯಲ್ಲಿ ದಿನಾ ಮೀನು ತಿನ್ನುವವರೇ ಅಲ್ವಾ ನಮ್ಮಲ್ಲಿ ದೋಸೆಗೆ ಸಾಲು ನಿಲ್ಲುದು?”

ಅಪ್ಪ ಅಮ್ಮನಿಂದ ಊಟದ ಡಬ್ಬಿ ಕಟ್ಟಿಸಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಅಧಿಕಾರಿಯ ಒಂದೊಂದು ಅನುಮಾನಕ್ಕೂ ಹಿಂದಿಯಲ್ಲಿ ಉತ್ತರ ಕೊಟ್ಟೆ. ಉಳಿದದ್ದನ್ನು ಡಬ್ಬಿಯಲ್ಲಿದ್ದ ಅಮ್ಮನ ಕುಂಬಳಕಾಯಿ ಹುಳಿ ಹೇಳಿತು. ಡಬ್ಬಿ ಖಾಲಿಯಾಯಿತು, ಒಪ್ಪಂದಕ್ಕೆ ಸಹಿ ಬಿತ್ತು.

ಕ್ಯಾಂಟೀನಿನ ಒಂದು ರೂಪಾಯಿಯೂ ಇನ್ನೂ ಕೈ ಸೇರಿರಲಿಲ್ಲ. ಪೂಜೆಯ ವ್ಯಾಪಾರಕ್ಕೆ ಅಲುಗದ ಅಮ್ಮ ಮರುದಿನವೇ ದೋಸೆ ಮಗುಚುತ್ತ ಕೇಳಿದಳು: “ಟೇಬಲ್ ಎಲ್ಲಿ ಸಿಕ್ತದೆ?”

“ಆರು ಕುರ್ಚಿಯದ್ದಾ?”

“ಮತ್ತೆ? ಮಾಶಿಮಾ ಬಂದ್ರೆ ನಿಲ್ಲಿಸುದಾ?”

ಈಗ ಅಮ್ಮ ಬಂದಿದ್ದಾಳೆ. ಕುರ್ಚಿ ಎಳೆದು ಕೂತವಳೇ ಪೇಪರು ಸರಿಸಿ ಉಂಗುರವನ್ನು ನೋಡಿದಳು.

“ಮುಂದಿನ ತಿಂಗಳು ಪಾಲಿಶ್ ಹಾಕಿಸುವ ಬಿಡು.”

ಮುಂದಿನ ತಿಂಗಳು. ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, “ಬಡಿಸು” ಎಂದಳು.