ಭರಣಿಯಲ್ಲಿದ್ದ ಹಳದಿ ಗುಳಿಗೆ

ಲಾಕ್‌ಡೌನ್ ಬಂದ ಮೇಲೆ ಹರಿಹರದವರೆಲ್ಲ ನನ್ನ ಹಾಗೇ ಆದರು. ಎದುರುಮನೆಯವರು ಕೆಮ್ಮಿದರೆ ಕಿಟಕಿ ಹಾಕುವುದು, ಹಾಲಿನ ಪಾಕೀಟಿಗೆ ಸೋಪು ಹಚ್ಚಿ ತೊಳೆಯುವುದು, ಮುಟ್ಟಿದ್ದಕ್ಕೆಲ್ಲ ಹೆದರುವುದು. ಅವರು ಮಾಡಿದರೆ ಅದು ಮುಂಜಾಗ್ರತೆ. ನಾನು ಮಾಡಿದಾಗ ಡಾಕ್ಟರು ಸ್ಕಿಜೋಫ್ರೇನಿಯಾ ಅಂತ ಬರೆದಿದ್ದರು. ಒಳಗೊಳಗೇ ನಗು ಬರುತ್ತಿತ್ತು.

ನಗು ಹೆಚ್ಚು ದಿನ ಉಳಿಯಲಿಲ್ಲ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಗುಳಿಗೆ ತರುತ್ತಿದ್ದವಳು ನಾನೇ. ಬಸ್ಸು ನಿಂತವು. ನಾನಿರುವುದು ಅಕ್ಕನ ಜೊತೆ. ಅವಳು ಹಾಲಿನ ವ್ಯಾನಿನವರ ಕೈಯಲ್ಲಿ ಚೀಟಿ ಕೊಟ್ಟು ತರಿಸಿದಳು. ಯಾರ್ಯಾರೋ ಮುಟ್ಟಿದ ಗುಳಿಗೆ ಶೀಟು ಮನೆಯೊಳಗೆ ಬರಕೂಡದೆಂದು ಅಂಗಳದಲ್ಲೇ ಒಂದೊಂದು ಗುಳಿಗೆಯನ್ನೂ ಬಿಡಿಸಿ, ಖಾಲಿ ಕುಂಕುಮದ ಭರಣಿಗೆ ತುಂಬಿ, ಶೀಟನ್ನು ಬಚ್ಚಲ ಒಲೆಗೆ ಹಾಕಿದಳು.

ನನ್ನ ಗುಳಿಗೆ ಬಿಳಿ. ಭರಣಿಯಲ್ಲಿದ್ದದ್ದು ಹಳದಿ. ಹೆಸರಿಲ್ಲ, ತಾರೀಖಿಲ್ಲ.

“ಬ್ಯಾರೆ ಕಂಪನೀದಂತೆ. ಔಷಧಿ ಅದೇ ಐತೆ, ನುಂಗು,” ಅಂದಳು.

ಹಾಗಾದರೆ ಹೆಸರು ಸುಟ್ಟಿದ್ದೇಕೆ? ನನಗೊಬ್ಬಳಿಗೇ ಕೇಳುವ ದನಿಗಳು ಉತ್ತರ ಹುಡುಕಿಟ್ಟಿದ್ದವು: ನಿನ್ನನ್ನು ಸಾಕಿ ಅವಳಿಗೆ ಸಾಕಾಗಿದೆ. ನಾಲ್ಕು ದಿನ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹಿತ್ತಲಲ್ಲಿ ಉಗಿದೆ. ಐದನೆಯ ದಿನ ಅವಳು ಬಡಿಸಿದ ಅನ್ನವನ್ನೂ ಮುಟ್ಟಲಿಲ್ಲ; ಗುಳಿಗೆಯಲ್ಲಿ, ಅನ್ನದಲ್ಲಿ ಏನು ಬೆರೆಸಿದ್ದೀಯ ಅಂದೆ. ಹೀಗೇ ಬಿಟ್ಟರೆ ನನ್ನನ್ನು ವಾರ್ಡಿಗೆ ಸೇರಿಸಬೇಕಾಗುತ್ತಿತ್ತು. ಆಗ ಆಸ್ಪತ್ರೆಗೆ ಹೋದವರು ವಾಪಸು ಬರುವುದಿಲ್ಲ ಅಂತ ಊರೆಲ್ಲ ಮಾತು. ಅಕ್ಕ ಕಂಗಾಲಾದಳು.

“ವಿಷ ಹಾಕ್ತೀನೇನೇ ನಿಂಗೆ? ನೋಡಿಲ್ಲಿ,” ಎಂದವಳೇ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನಾಲಿಗೆ ಎತ್ತು ಅಂದೆ. ಎತ್ತಿ ತೋರಿಸಿದಳು.

ಬೆಳಿಗ್ಗೆ ಹತ್ತಕ್ಕೆ ನುಂಗಿದವಳು ಹನ್ನೊಂದಕ್ಕೆಲ್ಲ ಮಲಗಿಬಿಟ್ಟಳು. ಊಟದ ಹೊತ್ತು ಮೀರಿತು, ಏಳಲಿಲ್ಲ. ನೋಡಿದೆಯಾ, ಅಂದವು ದನಿಗಳು. ನಾಟಕವಿರಬಹುದೆಂದು ಕಾಲು ಚಿವುಟಿದೆ. ಅಲುಗಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ಬಿಟ್ಟು, ಗೋಡೆ ಹಿಡಿದುಕೊಂಡು ಎದ್ದಳು. ಮಾತು ತೊದಲುತ್ತಿತ್ತು.

“ಇದನ್ನ ದಿನಾ ಹೆಂಗೆ ನುಂಗ್ತೀಯೇ? ನಾನು ನಿನ್ನ ಸೋಮಾರಿ ಅಂತ ಬೈತಿದ್ನಲ್ಲೇ...”

ಅತ್ತಳು. ಅಳುವನ್ನು ನಾನು ನಂಬಲಿಲ್ಲ. ಅಳು ಯಾರಿಗೆ ಬೇಕಾದರೂ ಬರುತ್ತದೆ. ನಂಬಿದ್ದು ಆ ತೊದಲನ್ನು. ಗುಳಿಗೆ ನುಂಗಿ ಎದ್ದಾಗ ನನ್ನ ನಾಲಿಗೆಯೂ ಹಾಗೇ ದಪ್ಪಗಾಗಿರುತ್ತದೆ. ಇದು ನನ್ನದೇ ಔಷಧಿ.

ಒಂದು ಕೊಡು ಅಂದೆ. ಭರಣಿ ಕೈಯಲ್ಲಿ ಹಿಡಿದುಕೊಂಡು ಕೂತಳು. ಕೊಡಲು ಈಗ ಅವಳಿಗೇ ಮನಸ್ಸು ಬರಲಿಲ್ಲ. ನಾನೇ ತೆಗೆದುಕೊಂಡು ನುಂಗಿದೆ.