ಕೊನೆಯ ಬೆಂಚಿಗೆ ಕಾಯುವವಳು

ಮೈಲೂರಿನ ಏಂಜಲಿನಾ ಔರಾದಿನ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ಮರುಳಾಗಬೇಡಿ; ಪ್ರತಿ ಬೇಸಿಗೆಗೆ ಮನೆಗೆ ಅಟ್ಟುವ ಅತಿಥಿ. ಪಿಎಚ್.ಡಿ. ಆದರೆ ಈ ಪಾಡು ತಪ್ಪೀತೆಂದು ಒಂಬತ್ತು ವರ್ಷ ಕಾಲೇಜಿಗೆ ಹೋಗಿಬರುವ ಸಂತಪುರದ ಬಸ್ಸಿನಲ್ಲಿ ನಿಂತುಕೊಂಡೇ ಓದಿದಳು. ಪ್ರಬಂಧ ಒಪ್ಪಿಸಲು ಬರುವ ಶುಕ್ರವಾರವೇ ಕೊನೆಯ ಗಡುವು; ತಪ್ಪಿದರೆ ನೋಂದಣಿಯೇ ರದ್ದು.

ರೈಲು ಹಳಿಯೊಳಗೆ ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದದ ಅಲೆ ಬಿಟ್ಟರೆ, ಅದು ಹೇಗೆ ಸಾಗಿ ಬಿರುಕಿನ ಜಾಗ ತಿಳಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ವಿಷಯ. ಒಂದೊಂದು ಅಲೆಗೂ ಹತ್ತು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಲೆಕ್ಕ ಒಯ್ಯಬೇಕು. ಗಿಡ್ಡ ಹಳಿಗೆ ಉತ್ತರ ಸರಿ ಬಂದಿತ್ತು. ಅದೇ ನಂಬಿಕೆಯಲ್ಲಿ ಉದ್ದ ಹಳಿಗೂ ಅದನ್ನೇ ಬಳಸಿ ಪ್ರಬಂಧ ಮುಗಿಸಿದ್ದಳು.

ತಾಯಿ ಲಿಡಿಯಾಬಾಯಿ, ನಿವೃತ್ತ ನರ್ಸು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ. ಗಡುವಿಗೆ ಮುಂಚಿನ ರವಿವಾರವೇ ಚರ್ಚಿನಲ್ಲಿ ಮಗಳ ಹೆಸರಿನಲ್ಲಿ ಕೃತಜ್ಞತೆಯ ಕಾಣಿಕೆ ಕೊಟ್ಟೇಬಿಟ್ಟರು. ಪಾದ್ರಿಗಳು “ಡಾಕ್ಟರ್ ಏಂಜಲಿನಾ” ಎಂದು ಸಾರಿ, ಉದ್ದನೆಯ ಹಾಡೊಂದನ್ನು ಹಾಡಲು ಹೇಳಿದರು.

ಅಲ್ಲಿ ಹಾರ್ಮೋನಿಯಂ ನುಡಿಸುವವಳು ಏಂಜಲಿನಾಳೇ. ಹಾಡುವವರು ಪ್ರತಿ ಸಾಲಿಗೂ ಕೂದಲೆಳೆಯಷ್ಟು ಹಿಂದೆ ಬೀಳುತ್ತಾರೆ. ಕೊನೆಯ ಬೆಂಚಿನ ಲಿಡಿಯಾಬಾಯಿ ಎಲ್ಲರಿಗಿಂತ ಹಿಂದೆ. ಅದಕ್ಕೇ ಪ್ರತಿ ಚರಣ ಮುಗಿದಾಗ ಬೆರಳು ತಡೆದು ಅವರಿಗಾಗಿ ಕಾಯುವುದು ರೂಢಿ. ಅಂದು ‘ಡಾಕ್ಟರ್’ ಎಂಬ ಮಾತಿಗೆ ಗಲಿಬಿಲಿಗೊಂಡು ಅವಳು ಕಾಯಲಿಲ್ಲ. ಹಾರ್ಮೋನಿಯಂ ಆಮೆನ್ ಮುಟ್ಟಿದಾಗ ತಾಯಿ ಇನ್ನೂ ಒಂದು ಸಾಲು ಹಿಂದಿದ್ದರು. ಜನ ನಕ್ಕರು. ಏಂಜಲಿನಾಳಿಗೆ ಥಟ್ಟನೆ ಹೊಳೆಯಿತು: ತನ್ನ ಲೆಕ್ಕದಲ್ಲೂ ಚುಕ್ಕೆಯಿಂದ ಚುಕ್ಕೆಗೆ ಕೂದಲೆಳೆಯಷ್ಟು ತಪ್ಪು ಇದ್ದೇ ಇದೆ, ಹಳಿ ಉದ್ದವಾದಷ್ಟೂ ಅದು ಕೂಡುತ್ತ ಹೋಗುತ್ತದೆ; ಅಲ್ಲಿ ಕಾಯುವವರು ಯಾರು?

ಮನೆಗೆ ಓಡಿದಳು. ಉತ್ತರ ಮೊದಲೇ ಗೊತ್ತಿರುವ, ಬಿರುಕಿಲ್ಲದ ಉದ್ದ ಹಳಿಗೆ ಲೆಕ್ಕ ಹಾಕಿದಳು. ಅಲೆ ಏರಬೇಕಾದಲ್ಲಿ ಇಳಿದಿತ್ತು. ತಪ್ಪು ತಗ್ಗಲೆಂದು ಚುಕ್ಕೆಗಳನ್ನು ಹೆಚ್ಚಿಸಿದಳು, ಲ್ಯಾಪ್‌ಟಾಪ್ ಭಾರ ತಾಳದೆ ನಿಂತಿತು. ಮತ್ತೆ ಹಚ್ಚಿದಳು, ಮತ್ತೆ ನಿಂತಿತು. ಗೋಡೆಗೆ ಹಣೆ ಒತ್ತಿ ಅತ್ತಳು.

“ಅಷ್ಟ ಒಳಗ ಹೊಕ್ಕು ಯಾರ ನೋಡ್ತಾರವ್ವ? ಪ್ರಬಂಧಕ್ಕ ಸಹಿ ಮಾಡಿ ಕೊಟ್ಟಬಿಡು,” ಎಂದರು, ಅವಳು ತಪ್ಪು ತೋರಿಸಿದಾಗ, ಪಿಎಚ್.ಡಿ. ಗೈಡ್ ಮನ್ಮಥಪ್ಪ.

“ಬಿರುಕ ಒಂದ ಕಡಿ ಇದ್ರ ಇದು ಇನ್ನೊಂದ ಕಡಿ ತೋರಸ್ತದರಿ ಸರ್. ನಾಳಿ ಭಾಲ್ಕಿ ಹಳಿ ಮ್ಯಾಲ ಯಾರರ ಇದನ್ನ ನಂಬಿದ್ರ?”

“ಹಂಗಾರ ಒಂಬತ್ತ ವರ್ಷ ಹೊಳ್ಯಾಗ ಹುಣಚಿಹಣ್ಣ ತೊಳದಂಗಾತು.”

ಅವಳು ಸಹಿ ಮಾಡಲಿಲ್ಲ. ಶುಕ್ರವಾರ ಬಂತು, ಹೋಯಿತು.

“ಇನ್ನ ನಾ ಯಾವ ಮುಖ ಹೊತ್ತು ಚರ್ಚಿಗಿ ಹೋಗ್ಲಿ?” ಲಿಡಿಯಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

“ಕೊಟ್ಟಿದ್ರ ಸುಳ್ಳ ಆಗ್ತಿತ್ತವ್ವಾ.”

“ನನಗ ತಿಳೀತದ. ಹೆತ್ತ ಹೊಟ್ಟಿ ಕೇಳಬೇಕಲ್ಲ.”

ಮರು ರವಿವಾರ ಏಂಜಲಿನಾ ಒಬ್ಬಳೇ ಹೋಗಿ ಹಾರ್ಮೋನಿಯಂ ಮುಂದೆ ಕುಳಿತಳು. ಮೊದಲ ಚರಣ ಮುಗಿಯಿತು. ಅವಳ ಬೆರಳು ನಿಂತವು. ಸಭೆ ಮುಂದಿನ ಸಾಲಿಗೆ ಬಾಯಿ ತೆರೆದು ಕಾಯುತ್ತಿತ್ತು. ಅವಳು ಖಾಲಿ ಬಿದ್ದ ಕೊನೆಯ ಬೆಂಚಿಗೆ ಕಾಯುತ್ತಿದ್ದಳು.